ಝಡ್ ಡ್ರೈವ್ ಮೇಲಿನ ಕೆಂಪು ಇಂಟು ಗುರುತು: ‘ನಿಮ್ಮ ಸಂಸ್ಥೆಯ ನೀತಿ’ ಬರೆದವರು ಯಾರು?

ಡಿಜಿಟಲ್ ಸಾರ್ವಭೌಮತ್ವ ಅನ್ನೋ ಮಾತು ಬಂದ ಕೂಡಲೇ ನಮ್ಮ ಚರ್ಚೆ ಚಿಪ್ ಫ್ಯಾಕ್ಟರಿ, ಡೇಟಾ ಸೆಂಟರ್, ಎಐ ಅಂತ ಮೇಲೆ ಮೇಲೆ ಹೋಗುತ್ತೆ. ಇವತ್ತು ನಾನು ತೀರಾ ಕೆಳಗಿನ ಒಂದು ಜಾಗದಿಂದ ಶುರು ಮಾಡ್ತೀನಿ. ನಾಲ್ಕೈದು ಕಂಪ್ಯೂಟರ್ ಇರುವ ಒಂದು ಆಫೀಸು. ಟ್ಯಾಕ್ಸ್ ಕನ್ಸಲ್ಟೆಂಟ್‌ದಾಗಿರಬಹುದು, ವಕೀಲರದಾಗಿರಬಹುದು, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ ಆಗಿರಬಹುದು. ಅಲ್ಲಿ ಮೂಲೆಯ ಒಂದು ಕಂಪ್ಯೂಟರೇ ‘ಸರ್ವರ್’. ಉಳಿದ ಎಲ್ಲ ಕಂಪ್ಯೂಟರ್‌ಗಳಲ್ಲಿ ಆ ಸರ್ವರ್‌ನ ಫೋಲ್ಡರ್‌ಗೆ ಒಂದು ಅಕ್ಷರ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ ಝಡ್. ಟ್ಯಾಲಿ ಡೇಟಾ, ಗಿರಾಕಿಗಳ ಪ್ಯಾನ್ ಕಾರ್ಡ್ ಪ್ರತಿ, ಹತ್ತು ವರ್ಷದ ಬಿಲ್ಲು, ಎಲ್ಲವೂ ಆ ಝಡ್ ಡ್ರೈವ್‌ನಲ್ಲಿ. ಇದನ್ನೇ ಮ್ಯಾಪ್ಡ್ ನೆಟ್‌ವರ್ಕ್ ಡ್ರೈವ್ ಅನ್ನೋದು.

ಒಂದು ದಿನ ಬೆಳಿಗ್ಗೆ ನೋಡಿದರೆ ಅದರ ಮೇಲೆ ಕೆಂಪು ಇಂಟು ಗುರುತು. ಫೋಲ್ಡರ್ ತೆರೆಯಲ್ಲ.

ಕಳೆದ ಎರಡು ವರ್ಷಗಳಲ್ಲಿ ಈ ದೂರು ಹೆಚ್ಚಾಗಿರುವುದು ಕಾಕತಾಳೀಯ ಅಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ಟಿಪಿಎಂ 2.0 ಚಿಪ್ ಇಲ್ಲದ, ಚೆನ್ನಾಗಿಯೇ ಓಡುತ್ತಿದ್ದ ಹಳೆಯ ಕಂಪ್ಯೂಟರ್‌ಗಳು ವಿಂಡೋಸ್ 11ಕ್ಕೆ ಅನರ್ಹವಾದವು. ಹಾಗಾಗಿ ಸಣ್ಣ ಆಫೀಸುಗಳು ಒಂದೊಂದಾಗಿ ಹೊಸ ಕಂಪ್ಯೂಟರ್ ತಂದವು. ಹೊಸದರ ಜೊತೆಗೆ ಬಂದಿದ್ದು ವಿಂಡೋಸ್ 11ರ 24ಎಚ್2 ಅಥವಾ ಅದರ ನಂತರದ ಆವೃತ್ತಿ. 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಈ ಆವೃತ್ತಿಯಲ್ಲಿ ಎರಡು ಸದ್ದಿಲ್ಲದ ಬದಲಾವಣೆಗಳಿದ್ದವು. ಒಂದು, ಪ್ರೊ ಆವೃತ್ತಿಯಲ್ಲೂ ‘ಗೆಸ್ಟ್’ ಆಗಿ, ಅಂದರೆ ಹೆಸರು ಪಾಸ್‌ವರ್ಡ್ ಹೇಳದೆ, ಇನ್ನೊಂದು ಯಂತ್ರದ ಫೋಲ್ಡರ್‌ಗೆ ಹೋಗುವುದು ಬಂದ್. ಎರಡು, ಯಂತ್ರಗಳ ನಡುವೆ ಹೋಗಿಬರುವ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಕಡ್ಡಾಯ. ಹಳೆಯ ನ್ಯಾಸ್ ಪೆಟ್ಟಿಗೆ, ರೂಟರ್‌ಗೆ ಚುಚ್ಚಿದ ಹಾರ್ಡ್‌ಡಿಸ್ಕ್, ಸ್ಕ್ಯಾನ್ ಮಾಡಿ ನೇರವಾಗಿ ಫೋಲ್ಡರ್‌ಗೆ ಕಳಿಸುವ ಜೆರಾಕ್ಸ್ ಯಂತ್ರ, ಇವುಗಳಲ್ಲಿ ಹಲವಕ್ಕೆ ಈ ಸಹಿಯ ಭಾಷೆಯೇ ಗೊತ್ತಿಲ್ಲ.

ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವಳು. ಅದರ ಶಿಕ್ಷೆಯಾಗಿ ಪರಿಚಯದವರ ಆಫೀಸುಗಳ ಕಂಪ್ಯೂಟರ್ ಸಮಸ್ಯೆಗಳೆಲ್ಲ ನನ್ನ ಫೋನಿಗೇ ಬರುತ್ತವೆ. ಹೋದ ವರ್ಷ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿಗೆ ಹೋಗಿದ್ದೆ. ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೇ ತಾರೀಕಿನ ಹಿಂದಿನ ದಿನ. ಹೊಸ ಕಂಪ್ಯೂಟರ್‌ನ ಪರದೆ ಮೇಲೆ ಇಂಗ್ಲಿಷ್‌ನಲ್ಲಿ ಒಂದು ಸಂದೇಶ. ಅದರ ಸಾರ ಇಷ್ಟು: ಗುರುತು ಹೇಳದ ಅತಿಥಿಗಳಿಗೆ ಈ ಫೋಲ್ಡರ್ ತೆರೆಯುವುದನ್ನು ನಿಮ್ಮ ಸಂಸ್ಥೆಯ ಭದ್ರತಾ ನೀತಿಗಳು ತಡೆದಿವೆ.

ಆಫೀಸಿನ ಯಜಮಾನರು ಅದನ್ನು ಎರಡು ಸಲ ಓದಿದರು. “ನಮ್ಮ ಸಂಸ್ಥೆಯ ಪಾಲಿಸಿನಾ? ನಮ್ಮಲ್ಲಿ ಪಾಲಿಸಿ ಅಂತ ಇರೋದು ಎಲ್‌ಐಸಿದು ಮಾತ್ರ ಮೇಡಂ” ಅಂದರು.

ನಗು ಬಂತು, ಆದರೆ ಅವರು ಹೇಳಿದ್ದು ಸರಿಯಾದ ಪ್ರಶ್ನೆ. ಆ ಆಫೀಸಿನಲ್ಲಿ ಯಾರೂ ಯಾವ ನೀತಿಯನ್ನೂ ಮಾಡಿರಲಿಲ್ಲ. ನೀತಿ ಮಾಡಿದ್ದು ಅಮೆರಿಕದ ರೆಡ್‌ಮಂಡ್‌ನಲ್ಲಿರುವ ಕಂಪನಿ. ಅದು ಜಾರಿಯಾಗಿದ್ದು ಮಾತ್ರ ಈ ಆಫೀಸಿನ ಹೆಸರಿನಲ್ಲಿ. ಇಡೀ ವಿಷಯದ ರಾಜಕೀಯ ನನಗೆ ಕಾಣೋದು ಈ ಒಂದು ವಾಕ್ಯದಲ್ಲಿ.

ಹಾಗಂತ ಮೈಕ್ರೋಸಾಫ್ಟ್ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ತಾಂತ್ರಿಕವಾಗಿ ಅದು ಸರಿ, ತಡವಾಗಿ ಬಂದ ಸರಿ. ವಿಂಡೋಸ್ ಯಂತ್ರಗಳು ಫೈಲ್ ಹಂಚಿಕೊಳ್ಳಲು ಬಳಸುವ ಭಾಷೆಗೆ ಎಸ್‌ಎಂಬಿ ಅಂತ ಹೆಸರು. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಒಂದು ಕೋಣೆಯೊಳಗಿನ ಕಂಪ್ಯೂಟರ್‌ಗಳು ಪರಸ್ಪರ ನಂಬುತ್ತವೆ ಅನ್ನೋ ಕಾಲದ ಭಾಷೆ ಅದು. ಅದರ ಮೊದಲ ಆವೃತ್ತಿಯಲ್ಲಿದ್ದ ಒಂದು ಬಿರುಕನ್ನು ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಕಂಡುಹಿಡಿದು, ಯಾರಿಗೂ ಹೇಳದೆ ತನ್ನ ಅಸ್ತ್ರವಾಗಿ ಇಟ್ಟುಕೊಂಡಿತ್ತು. ‘ಇಟರ್ನಲ್‌ಬ್ಲೂ’ ಅಂತ ಅದರ ಹೆಸರು. 2017ರ ಏಪ್ರಿಲ್‌ನಲ್ಲಿ ಅದು ಸೋರಿಕೆಯಾಯ್ತು. ಮೇ 12ರಂದು ಅದನ್ನೇ ಬಳಸಿದ ‘ವನ್ನಾಕ್ರೈ’ ಜಗತ್ತಿನಾದ್ಯಂತ ಹರಡಿತು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ನಮ್ಮ ಪಕ್ಕದ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳು ಬೀಗ ಹಾಕಿಕೊಂಡವು. ಮೈಕ್ರೋಸಾಫ್ಟ್ ಅದಕ್ಕೂ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ, ತೇಪೆ ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆ ವರ್ಷದ ಕೊನೆಯಿಂದ ಹೊಸದಾಗಿ ಹಾಕುವ ವಿಂಡೋಸ್ 10ರಲ್ಲಿ ಈ ಹಳೆಯ ಆವೃತ್ತಿಯನ್ನು ಬಿಡಲು ಶುರುಮಾಡಿದರು.

ಇದರ ಪಾಠ ಆಫೀಸಿನವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಹೀಗೆ. ಯಾರೋ ಒಬ್ಬರು ಇಮೇಲ್‌ನಲ್ಲಿ ಬಂದ ‘ಇನ್‌ವಾಯ್ಸ್’ ಒತ್ತಿ ರ‍್ಯಾನ್ಸಮ್‌ವೇರ್ ಒಳಗೆ ಬಂತು ಅಂದುಕೊಳ್ಳಿ. ಅದಕ್ಕೆ ಸಿ ಡ್ರೈವ್ ಬೇರೆ, ಝಡ್ ಡ್ರೈವ್ ಬೇರೆ ಅಂತ ಭೇದ ಇಲ್ಲ. ಆ ಕಂಪ್ಯೂಟರ್‌ನಲ್ಲಿ ಕೂತವರು ಎಲ್ಲೆಲ್ಲಿ ಬರೆಯಬಹುದೋ ಅಲ್ಲೆಲ್ಲ ಅದೂ ಬರೆಯುತ್ತೆ. ಒಂದು ಯಂತ್ರದಲ್ಲಿ ಆದ ಅನಾಹುತ ಐದು ಯಂತ್ರಗಳ ಹತ್ತು ವರ್ಷದ ಕೆಲಸವನ್ನು ತಿಂದು ಹಾಕುತ್ತೆ. “ಬ್ಯಾಕಪ್ ಇದೆಯಲ್ಲ, ಝಡ್‌ನಲ್ಲೇ ಇನ್ನೊಂದು ಫೋಲ್ಡರ್ ಮಾಡಿದೀವಿ” ಅನ್ನೋರನ್ನು ನಾನು ಎಷ್ಟೋ ಜನ ನೋಡಿದೀನಿ. ಅದು ಬ್ಯಾಕಪ್ ಅಲ್ಲ, ಅದೇ ಮನೆಯ ಇನ್ನೊಂದು ಕೋಣೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಇದೇ ರೀತಿ ಬೀಗ ಹಾಕಿಕೊಂಡಾಗ ಕೇಂದ್ರ ಸರ್ಕಾರವೇ ಸಂಸತ್ತಿಗೆ ಕೊಟ್ಟ ಕಾರಣ, ಜಾಲವನ್ನು ಸರಿಯಾಗಿ ವಿಭಾಗ ಮಾಡಿರಲಿಲ್ಲ ಅನ್ನೋದು. ಏಮ್ಸ್‌ಗೇ ಆಗದ್ದು ಸುಲ್ತಾನ್‌ಪೇಟೆಯ ಪತ್ರಿಕೆ ಅಂಗಡಿಗೆ ಆಗಬೇಕು ಅಂತ ನಿರೀಕ್ಷೆ ಮಾಡೋದು ಹೇಗೆ?

ಯೂಟ್ಯೂಬ್ ವೈದ್ಯ

ನೀತಿ ಸರಿಯಿದ್ದರೂ ಅದರ ಬೆಲೆ ಯಾರ ಮೇಲೆ ಬೀಳುತ್ತೆ ಅಂತ ನೋಡಬೇಕು. ದೊಡ್ಡ ಕಂಪನಿಗೆ ಐಟಿ ವಿಭಾಗ ಇರುತ್ತೆ, ಅವರು ಆರು ತಿಂಗಳ ಮುಂಚೆಯೇ ಮೈಕ್ರೋಸಾಫ್ಟ್‌ನ ಪ್ರಕಟಣೆ ಓದಿ ತಯಾರಾಗಿರುತ್ತಾರೆ. ಸಣ್ಣ ಆಫೀಸಿಗೆ ಇರೋದು ಕರೆದಾಗ ಬರುವ ‘ಹಾರ್ಡ್‌ವೇರ್ ಹುಡುಗ’. ಅವನಿಗೆ ಇರೋದು ಯೂಟ್ಯೂಬ್. ಅಲ್ಲಿ ಸಿಗೋ ಮದ್ದು ಬಹುತೇಕ ಒಂದೇ: ಫೈರ್‌ವಾಲ್ ಆಫ್ ಮಾಡಿ, ಪಾಸ್‌ವರ್ಡ್ ಕೇಳೋದನ್ನು ತೆಗೆಯಿರಿ, ‘ಎವ್ರಿವನ್’ಗೆ ಫುಲ್ ಕಂಟ್ರೋಲ್ ಕೊಡಿ, ಹಳೇ ಎಸ್‌ಎಂಬಿ ಮತ್ತೆ ಆನ್ ಮಾಡಿ. ಗೆಸ್ಟ್ ಪ್ರವೇಶ ತೆರೆಯುವ ಸೆಟ್ಟಿಂಗ್‌ನ ಹೆಸರಿನಲ್ಲೇ ‘ಇನ್‌ಸೆಕ್ಯೂರ್’ ಅನ್ನೋ ಪದ ಇದೆ. ಹೆಸರಲ್ಲೇ ಅಪಾಯ ಅಂತ ಬರೆದಿರೋ ಗುಂಡಿಯನ್ನು ಒತ್ತಿ ವಿಸಿಟಿಂಗ್ ಚಾರ್ಜ್ ತಗೊಂಡು ಹೋಗ್ತಾನೆ. ಝಡ್ ತೆರೆದುಕೊಳ್ಳುತ್ತೆ, ಎಲ್ಲರಿಗೂ ಖುಷಿ.

ಆ ಹುಡುಗನನ್ನು ಬೈಯ್ಯೋದರಲ್ಲಿ ಅರ್ಥವಿಲ್ಲ. ಯಾಕಂದ್ರೆ ಕೆಂಪು ಇಂಟು ಗುರುತು ಒಂದೇ ಇದ್ದರೂ ಅದರ ಹಿಂದಿನ ಕಾರಣ ಹತ್ತು ಬಗೆಯದು, ಮತ್ತು ವಿಂಡೋಸ್ ಯಾವುದು ಅಂತ ನೇರವಾಗಿ ಹೇಳಲ್ಲ. ಕೆಲವೊಮ್ಮೆ ಆ ಗುರುತಿಗೆ ಅರ್ಥವೇ ಇರಲ್ಲ. ಕಂಪ್ಯೂಟರ್ ಆನ್ ಆದಾಗ ವೈಫೈ ಸಿಗುವ ಮುಂಚೆಯೇ ವಿಂಡೋಸ್ ಡ್ರೈವ್ ಹುಡುಕಿ, ಸಿಗಲಿಲ್ಲ ಅಂತ ಇಂಟು ಹಾಕಿರುತ್ತೆ. ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತೆ. ಹದಿನೈದು ನಿಮಿಷ ಯಾರೂ ಮುಟ್ಟದಿದ್ದರೆ ಸರ್ವರ್ ಸಂಪರ್ಕ ಕಡಿಯುವುದೂ ಮಾಮೂಲಿ ವ್ಯವಸ್ಥೆಯೇ. ಇಂಟರ್ನೆಟ್ ಕಂಪನಿಯವರು ಬಂದು ರೂಟರ್ ಬದಲಿಸಿ ಹೋದರೆ ಬೇರೆ ಕಥೆ. ಹೊಸ ರೂಟರ್ ಸರ್ವರ್‌ಗೆ ಬೇರೆ ಐಪಿ ವಿಳಾಸ ಕೊಡುತ್ತೆ, ಹಳೇ ನಂಬರ್‌ಗೆ ಮ್ಯಾಪ್ ಮಾಡಿದ್ದ ಝಡ್ ಕುರುಡಾಗುತ್ತೆ. ಜೊತೆಗೆ ವಿಂಡೋಸ್ ಇದನ್ನು ಅಪರಿಚಿತ ಜಾಲ ಅಂತ ತಿಳಿದು ‘ಪಬ್ಲಿಕ್’ ಅಂತ ಗುರುತು ಹಾಕಿ, ಫೈಲ್ ಹಂಚಿಕೆಯನ್ನು ಫೈರ್‌ವಾಲ್‌ನಲ್ಲೇ ತಡೆಯುತ್ತೆ. ಇಲ್ಲಿ ಮಾಡಬೇಕಾದ್ದು ಫೈರ್‌ವಾಲ್ ಕಿತ್ತು ಹಾಕುವುದಲ್ಲ. ಆ ಜಾಲವನ್ನು ‘ಪ್ರೈವೇಟ್’ ಮಾಡಿ, ರೂಟರ್‌ನಲ್ಲಿ ಸರ್ವರ್‌ಗೆ ಒಂದು ಕಾಯಂ ವಿಳಾಸ ಕೊಟ್ಟರೆ ಮುಗೀತು.

ಟ್ಯಾಲಿ ಬಳಸೋರಿಗೆ ಇನ್ನೊಂದು ತಮಾಷೆ ಗೊತ್ತಿರಬಹುದು. ಎಕ್ಸ್‌ಪ್ಲೋರರ್‌ನಲ್ಲಿ ಝಡ್ ಚೆನ್ನಾಗಿ ತೆರೆಯುತ್ತೆ, ಟ್ಯಾಲಿಯಲ್ಲಿ ಮಾತ್ರ ಝಡ್ ಇಲ್ಲವೇ ಇಲ್ಲ. ಯಾರೋ ಅದನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಅಂತ ತೆರೆಯುವ ಅಭ್ಯಾಸ ಮಾಡಿರುತ್ತಾರೆ. ವಿಂಡೋಸ್ ಲೆಕ್ಕದಲ್ಲಿ ಆಡಳಿತಗಾರನ ಅಧಿಕಾರದ ಅವಧಿ ಬೇರೆ, ನಿಮ್ಮದು ಬೇರೆ. ನೀವು ಮ್ಯಾಪ್ ಮಾಡಿದ ಡ್ರೈವ್ ಅವನಿಗೆ ಕಾಣಲ್ಲ. ಹೀಗೇ, ದಿನಾ ಕಂಪ್ಯೂಟರ್ ತೆರೆಯಲು ಒತ್ತುವ ನಾಲ್ಕಂಕಿಯ ಪಿನ್ ಪಾಸ್‌ವರ್ಡ್ ಅಲ್ಲ. ಸರ್ವರ್ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿದಾಗ ಪಿನ್ ಹೊಡೆದು “ತಪ್ಪು ಅಂತಿದೆ” ಅನ್ನೋರು ಬಹಳ. ಪಾಸ್‌ವರ್ಡ್ ಬದಲಿಸಿದ ಮೇಲೂ ಹಳೆಯದೇ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಕೂತು ಕಾಟ ಕೊಡೋದೂ ಉಂಟು, ಅಲ್ಲಿಂದ ಅಳಿಸಿ ಮತ್ತೆ ಮ್ಯಾಪ್ ಮಾಡಬೇಕು.

ಅದೆಲ್ಲ ಸರಿ, ಗೆಸ್ಟ್ ತಡೆಯ ಸಂದೇಶ ಬಂದ ಆಫೀಸಿಗೆ ಮದ್ದೇನು? ಒಂದು ಗಂಟೆಯ ಕೆಲಸ. ಸರ್ವರ್ ಕಂಪ್ಯೂಟರ್‌ನಲ್ಲಿ ಐದು ಜನರಿಗೆ ಐದು ಯೂಸರ್‌ನೇಮ್, ಐದು ಪಾಸ್‌ವರ್ಡ್. ಫೋಲ್ಡರ್ ಅನುಮತಿಯಿಂದ ‘ಎವ್ರಿವನ್’ ತೆಗೆದು ಈ ಐದು ಹೆಸರು ಹಾಕುವುದು. ಬಿಲ್ಲಿಂಗ್ ನೋಡುವವರಿಗೆ ಸಂಬಳದ ಫೋಲ್ಡರ್ ಬೇಕಿಲ್ಲದಿದ್ದರೆ ಕೊಡದಿರುವುದು. ನ್ಯಾಸ್ ಇದ್ದರೆ ಅದರ ತಂತ್ರಾಂಶ ಅಪ್‌ಡೇಟ್ ಮಾಡಿ ಎಸ್‌ಎಂಬಿ 3 ಮತ್ತು ಸಹಿ ಆನ್ ಮಾಡುವುದು. ವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ತೆಗೆದು, ಕೇಬಲ್ ಬಿಚ್ಚಿ ಬೀರುವಿನಲ್ಲಿಡುವುದು. ಕೇಬಲ್ ಬಿಚ್ಚುವುದು ಮುಖ್ಯ. ಇಷ್ಟನ್ನು ಕನ್ನಡದಲ್ಲಿ ಎರಡು ಪುಟದ ಕರಪತ್ರದಲ್ಲಿ ಹೇಳಬಹುದು. ಅಂಥ ಕರಪತ್ರ ಯಾವ ಆಫೀಸಿನ ಗೋಡೆಯ ಮೇಲೂ ನಾನು ನೋಡಿಲ್ಲ.

ಪ್ರೆಸ್‌ನಲ್ಲಿ ಎಕ್ಸ್‌ಪಿ ಯಾಕಿದೆ?

ಕರ್ನಾಟಕದ ಮಟ್ಟಿಗೆ ಇದರಲ್ಲೊಂದು ವಿಶೇಷ ತೊಡಕಿದೆ, ಬೆಂಗಳೂರಿನ ಟೆಕ್ ಪಂಡಿತರಿಗೆ ಅದು ಕಾಣಲ್ಲ. ನಮ್ಮ ಮುದ್ರಣ, ಡಿಟಿಪಿ ಲೋಕದಲ್ಲಿ ಇವತ್ತಿಗೂ ಪೇಜ್‌ಮೇಕರ್ ಜೀವಂತ. 2001ರಲ್ಲಿ ಬಂದ 7.0 ಅದರ ಕೊನೆಯ ದೊಡ್ಡ ಆವೃತ್ತಿ. ಆಮೇಲೆ ಅಡೋಬಿ ಇನ್‌ಡಿಸೈನ್ ಕಡೆ ಹೊರಳಿತು. ಪೇಜ್‌ಮೇಕರ್‌ಗೆ ಯೂನಿಕೋಡ್ ಬರಲ್ಲ. ಹಾಗಾಗಿ ನುಡಿ, ಶ್ರೀಲಿಪಿಯ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಇಪ್ಪತ್ತು ವರ್ಷದ ಪುಸ್ತಕ, ರಸೀದಿ, ಪಂಚಾಂಗ, ಜಾತ್ರೆ ಪೋಸ್ಟರ್‌ಗಳೆಲ್ಲ ಆ ರೂಪದಲ್ಲೇ ಸಿಕ್ಕಿಕೊಂಡಿವೆ. ಅವನ್ನು ತೆರೆಯಲು ಒಂದು ಹಳೇ ಯಂತ್ರ ಬೇಕೇ ಬೇಕು, ಅದರಲ್ಲಿ ಎಕ್ಸ್‌ಪಿ ಅಥವಾ ವಿಂಡೋಸ್ 7. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. ಅಂದರೆ ಆ ಒಂದು ಯಂತ್ರ ಝಡ್ ಡ್ರೈವ್ ನೋಡಬೇಕು ಅಂತ, ಇಡೀ ಪ್ರೆಸ್‌ನ ಸರ್ವರ್‌ನಲ್ಲಿ ವನ್ನಾಕ್ರೈ ನುಗ್ಗಿದ ಅದೇ ಬಾಗಿಲನ್ನು ತೆರೆದಿಡುತ್ತಾರೆ. ಇದು ಅವರ ಅಜ್ಞಾನ ಅಂತ ನಾನು ಒಪ್ಪಲ್ಲ. ಕನ್ನಡವನ್ನು ಕಂಪ್ಯೂಟರ್‌ಗೆ ತಂದ ಕಾಲದಲ್ಲಿ ನಾವು ಮಾಡಿಕೊಂಡ ತಾತ್ಕಾಲಿಕ ಏರ್ಪಾಡುಗಳ ಸಾಲ ಅದು, ಬಡ್ಡಿ ಕಟ್ಟುತ್ತಿರುವವರು ಪ್ರೆಸ್‌ನವರು. ಸದ್ಯಕ್ಕೆ ಆ ಹಳೇ ಯಂತ್ರವನ್ನು ಜಾಲದಿಂದ ಹೊರಗಿಟ್ಟು, ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ದಾಟಿಸುವುದೇ ವಾಸಿ. ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ. ಆದರೆ ಪರಿವರ್ತನೆ ಆದ ಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲಿ ಕೆಟ್ಟಿದೆ ಅಂತ ಕೂತು ತಿದ್ದುವ ಕೂಲಿಯನ್ನು ಯಾರು ಕೊಡುತ್ತಾರೆ?

ಕ್ಲೌಡ್‌ಗೆ ಹೋಗಿ ಅನ್ನೋ ಸಲಹೆ

ಇಷ್ಟೆಲ್ಲ ಯಾಕೆ, ಕ್ಲೌಡ್‌ಗೆ ಹಾಕಿಬಿಡಿ ಅಂತ ಹೇಳೋರು ಬಹಳ. ಮೈಕ್ರೋಸಾಫ್ಟ್‌ಗೂ ಅದೇ ಬೇಕಿದೆ. ಕೆಲವು ಆಫೀಸುಗಳಿಗೆ ಅದು ಸರಿಯಾದ ದಾರಿಯೇ. ಆದರೆ 2025ರ ಜುಲೈನಲ್ಲಿ ಏನಾಯ್ತು ನೆನಪಿಸಿಕೊಳ್ಳಿ. ರಷ್ಯಾದ ರೋಸ್‌ನೆಫ್ಟ್ ಪಾಲುದಾರಿಕೆಯ ನಯಾರಾ ಎನರ್ಜಿ ಮೇಲೆ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿತು. ಅದರ ಬೆನ್ನಿಗೇ ಮೈಕ್ರೋಸಾಫ್ಟ್ ಆ ಕಂಪನಿಯ ಇಮೇಲ್, ಟೀಮ್ಸ್ ಸೇವೆಗಳನ್ನು ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟ್‌ಗೆ ಹೋಯ್ತು, ಕೆಲವೇ ದಿನಗಳಲ್ಲಿ ಸೇವೆ ವಾಪಸ್ ಬಂತು. ಭಾರತದ ಕಾನೂನಿನಲ್ಲಿ ಆ ನಿರ್ಬಂಧಕ್ಕೆ ಮಾನ್ಯತೆ ಇಲ್ಲ, ದುಡ್ಡು ಕಟ್ಟಿದ ಸೇವೆ ಅದು. ಆದರೂ ಗುಂಡಿ ಇದ್ದದ್ದು ಬೇರೆಯವರ ಕೈಯಲ್ಲಿ. ನಯಾರಾಗೆ ಹಿರಿಯ ವಕೀಲರಿದ್ದರು. ಹೊಸಪೇಟೆಯ ಟ್ಯಾಕ್ಸ್ ಆಫೀಸಿನ ಖಾತೆ ಯಾವುದೋ ಕಾರಣಕ್ಕೆ ಲಾಕ್ ಆದರೆ ಅವರಿಗೆ ಸಿಗೋದು ಚಾಟ್‌ಬಾಟ್.

ಇದಾದ ಎರಡೇ ತಿಂಗಳಿಗೆ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ತಾವು ಝೋಹೋಗೆ ಬದಲಾಗುತ್ತಿರುವುದಾಗಿ ಪ್ರಕಟಿಸಿದರು. ಶಿಕ್ಷಣ ಸಚಿವಾಲಯ ತನ್ನ ಅಧಿಕಾರಿಗಳಿಗೆ ಝೋಹೋ ಬಳಸಲು ಸೂಚಿಸಿತು. ಸ್ವದೇಶಿ ಅಂತ ಸಂಭ್ರಮ. ಭಾರತೀಯ ಕಂಪನಿ ಬೆಳೆದರೆ ನನಗೂ ಸಂತೋಷವೇ. ಆದರೆ ಗುಂಡಿ ರೆಡ್‌ಮಂಡ್‌ನಿಂದ ಚೆನ್ನೈಗೆ ಬಂದರೆ ಅದು ದೇಶದ ಸ್ವಾವಲಂಬನೆ ಆಗಬಹುದು, ಆಫೀಸಿನ ಸ್ವಾವಲಂಬನೆ ಆಗಲ್ಲ. ತನ್ನ ಬೀರುವಿನಲ್ಲಿರುವ ಹಾರ್ಡ್‌ಡಿಸ್ಕ್‌ನಲ್ಲಿ ತನ್ನ ದಾಖಲೆ ಇಟ್ಟುಕೊಂಡು, ಇಂಟರ್ನೆಟ್ ಹೋದ ದಿನವೂ ಕೆಲಸ ಮಾಡಬಲ್ಲ ಆಫೀಸನ್ನು ಸ್ವದೇಶಿಯ ಈ ಲೆಕ್ಕದಲ್ಲಿ ಯಾರೂ ಎಣಿಸುತ್ತಿಲ್ಲ.

ಸರ್ಕಾರ ಈ ಆಫೀಸುಗಳನ್ನು ನೋಡುವುದು ದಂಡದ ಕಣ್ಣಿನಿಂದ. 2022ರ ಏಪ್ರಿಲ್‌ನ ಸರ್ಟ್-ಇನ್ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಸರ್ಟ್-ಇನ್ ಸಣ್ಣ ಉದ್ಯಮಗಳಿಗಾಗಿ 15 ಮೂಲಭೂತ ಭದ್ರತಾ ನಿಯಂತ್ರಣಗಳ ದಾಖಲೆ ತಂದಿತು. ಉದ್ದೇಶ ಒಳ್ಳೆಯದು, ಭಾಷೆ ಆಡಿಟ್ ಕಂಪನಿಗಳ ಇಂಗ್ಲಿಷ್. ಅದೇ ವರ್ಷದ ನವೆಂಬರ್‌ನಲ್ಲಿ ಡಿಪಿಡಿಪಿ ನಿಯಮಗಳು ಪ್ರಕಟವಾದವು. ಮುಖ್ಯ ಕಟ್ಟಳೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ ಜಾರಿಯಾಗುತ್ತವೆ. ಗಿರಾಕಿಗಳ ಮಾಹಿತಿಯನ್ನು ಯಾರು ತೆರೆದರು ಅನ್ನೋದಕ್ಕೆ ಒಂದು ವರ್ಷದ ಲಾಗ್, ಪ್ರವೇಶ ನಿಯಂತ್ರಣ, ಬ್ಯಾಕಪ್, ಇವೆಲ್ಲ ಕಡ್ಡಾಯ. ಭದ್ರತೆಯಲ್ಲಿ ವಿಫಲರಾದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಸಣ್ಣ ಆಫೀಸಿಗೆ ಅಷ್ಟು ದಂಡ ಬೀಳಲ್ಲ ಅಂತ ಇಟ್ಟುಕೊಳ್ಳೋಣ. ಆದರೆ ಎಲ್ಲರೂ ‘ಗೆಸ್ಟ್’ ಆಗಿ ಬಂದುಹೋಗುವ ಝಡ್ ಡ್ರೈವ್‌ನಲ್ಲಿ ನಿಮ್ಮ ಆಧಾರ್ ಪ್ರತಿಯನ್ನು ಯಾರು ನಕಲು ಮಾಡಿದರು ಅಂತ ಕೇಳಿದರೆ, ಉತ್ತರ ‘ಗೆಸ್ಟ್’ ಅಂತಲೇ ಇರುತ್ತೆ. ಅಲ್ಲಿರೋದು ಆಫೀಸಿನವರ ಮಾಹಿತಿ ಅಲ್ಲ, ನಮ್ಮ ನಿಮ್ಮ ಮಾಹಿತಿ.

ಒತ್ತಡ ಹಾಕಿದರೆ ಕಂಪನಿಗಳು ಬಗ್ಗುತ್ತವೆ ಅನ್ನೋದಕ್ಕೂ ಉದಾಹರಣೆ ಇದೆ. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಬೇಕಾದ ಸಾಮಾನ್ಯ ಬಳಕೆದಾರರಿಗೆ ಮೈಕ್ರೋಸಾಫ್ಟ್ ಷರತ್ತು ಹಾಕಿತ್ತು: 30 ಡಾಲರ್ ಕೊಡಿ, ಇಲ್ಲವೇ ರಿವಾರ್ಡ್ ಪಾಯಿಂಟ್ ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗ್‌ಗಳನ್ನು ನಮ್ಮ ಕ್ಲೌಡ್‌ಗೆ ಹಾಕಿ. ಯುರೋಕನ್ಸ್ಯೂಮರ್ಸ್ ಅನ್ನೋ ಗ್ರಾಹಕ ಸಂಘಟನೆ ಪತ್ರ ಬರೆದು ಜಗಳ ಮಾಡಿದ ಮೇಲೆ ಯುರೋಪಿನ ಆರ್ಥಿಕ ವಲಯದವರಿಗೆ ಈ ಷರತ್ತುಗಳಿಲ್ಲದೆ, ಖಾತೆಯೊಂದಿದ್ದರೆ ಸಾಕು ಅಂತ ಉಚಿತವಾಗಿ ಕೊಟ್ಟಿತು. ಭಾರತಕ್ಕೆ ಆ ವಿನಾಯಿತಿ ಸಿಗಲಿಲ್ಲ. ವ್ಯಾಪಾರ ಸಂಸ್ಥೆಗಳಿಗಂತೂ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ಪ್ರತಿ ವರ್ಷ ದುಪ್ಪಟ್ಟು. ನಮ್ಮ ಸಂಸದರು, ಗ್ರಾಹಕ ವೇದಿಕೆಗಳು, ಎಂಎಸ್‌ಎಂಇ ಸಂಘಗಳು ಇದನ್ನು ಕೇಳಬೇಕಾದ ಪ್ರಶ್ನೆ ಅಂತಲೇ ಅಂದುಕೊಂಡಂತಿಲ್ಲ.

ರಾಜ್ಯ ಸರ್ಕಾರಕ್ಕೆ ದೆಹಲಿಯ ಅನುಮತಿ ಬೇಡದ ಕೆಲಸಗಳೂ ಇವೆ. ನಮ್ಮ ಪಾಲಿಟೆಕ್ನಿಕ್‌, ಐಟಿಐಗಳಲ್ಲಿ ಕಂಪ್ಯೂಟರ್ ಓದುವ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಬಹಳಷ್ಟು ಸಲ ಸರ್ಟಿಫಿಕೇಟ್ ಮೇಲಿನ ಸಹಿ ಅಷ್ಟೇ. ಅವರನ್ನು ಅದೇ ಊರಿನ ಹತ್ತು ಸಣ್ಣ ಆಫೀಸುಗಳಿಗೆ ಕಳಿಸಿ, ಪ್ರತಿ ಆಫೀಸಿನಲ್ಲೂ ಗೆಸ್ಟ್ ಮುಚ್ಚಿ ಯೂಸರ್‌ಗಳನ್ನು ಮಾಡಿಕೊಡಲಿ, ಬ್ಯಾಕಪ್ ತೆಗೆಯುವುದನ್ನು ತೋರಿಸಲಿ. ಹಾರ್ಡ್‌ವೇರ್ ಹುಡುಗರಿಗೆ ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಎರಡು ದಿನದ ತರಬೇತಿ ಕೊಡಲಿ, ಕನ್ನಡದಲ್ಲಿ. ಸರ್ಟ್-ಇನ್‌ನ ಆ 15 ಅಂಶಗಳನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅನುವಾದದ ಭಾಷೆಯಲ್ಲಿ ಬೇಡ, ಆಫೀಸಿನವರು ಆಡುವ ಭಾಷೆಯಲ್ಲಿ ಬರೆಸಲಿ. ಹಳೇ ಪೇಜ್‌ಮೇಕರ್ ಕಡತಗಳ ಪರಿವರ್ತನೆಗೆ ಪುಸ್ತಕ ಪ್ರಾಧಿಕಾರ ಒಂದು ಸಣ್ಣ ಮೊತ್ತ ತೆಗೆದಿಡಲಿ. ಇದ್ಯಾವುದಕ್ಕೂ ಹೂಡಿಕೆದಾರರ ಸಮಾವೇಶ ಬೇಕಿಲ್ಲ.

ಆ ಟ್ಯಾಕ್ಸ್ ಆಫೀಸಿನ ಯಜಮಾನರಿಗೆ ನಾನು ಕೊಟ್ಟ ಉತ್ತರ, ಪಾಲಿಸಿ ನಿಮ್ಮದಲ್ಲ, ಆದರೆ ಮಾಡಿಕೊಳ್ಳಬೇಕಾದ್ದು ನೀವೇ ಅಂತ. ಅವರು ಒಂದು ಹಳೇ ಡೈರಿ ತೆಗೆದು ಯಾರಿಗೆ ಯಾವ ಫೋಲ್ಡರ್ ಅಂತ ಪಟ್ಟಿ ಬರೆದರು. ಮೊದಲ ಸಾಲಿನಲ್ಲೇ ಜಗಳ ಶುರುವಾಯ್ತು: ಸಂಬಳದ ಫೋಲ್ಡರ್ ಅವರ ತಮ್ಮನಿಗೂ ಕಾಣಬೇಕೋ ಬೇಡವೋ ಅಂತ.